ಮೂರನೇ ಪಂದ್ಯದ ವಿಮರ್ಶೆ

ಎಲ್ಲದಕ್ಕೂ ಕಾರಣ ಸಂಜಯನ ಹಲ್ಲುನೋವು. ಸಂಜಯ ಎಂದರೆ ಕುಮಟೆಯಿಂದ ಹೊರಡುವ ‘ಅಳಿವೆ ವಾರ್ತೆ’ ಪತ್ರಿಕೆಯ ಕ್ರೀಡಾ ವರದಿಗಾರ. ಶನಿವಾರ ಸಂಜೆ ದವಡೆ ಹಲ್ಲು ಕೀಳಿಸಿಕೊಂಡು, ಒಂದು ಬದಿಯ ಕೆನ್ನೆ ಬನ್ನಿನಂತೆ ಊದಿಸಿಕೊಂಡು ಮಲಗಿಬಿಟ್ಟ. ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಸಂಪಾದಕ ಸುದರ್ಶನ ತ್ರ್ಯಂಬಕ ಭಟ್ಟರಿಗೆ ಫೋನು ಹಚ್ಚಿದ.

“ಭಟ್ರೆ, ಇವತ್ತು ಮೂರು ಗಂಟೆಗೆ ಕಲ್ಯಾಣ ಮಂಟಪದಲ್ಲಿ ಎಂಎಂಎ ಅದೆ. ಪಂಜರದೊಳಗೆ ಫೈಟು. ಹೋಗಿ ಒಂದು ವಿಮರ್ಶೆ ಬರ್ದು ಕಳ್ಸಿ.”

“ನಾನಾ? ನನಗೆ ಆ ಹೊಡೆದಾಟದ ಗಂಧಗಾಳಿ ಇಲ್ವೋ ಮಾರಾಯ.”

“ಎಂತ ಭಟ್ರೆ ನೀವು? ಮೂವತ್ತು ವರ್ಷ ಯಕ್ಷಗಾನದ ಯುದ್ಧ ನೋಡಿ ಬರದವ್ರು. ಅಲ್ಲಿ ಚಂಡೆ ಇರ್ತದೆ, ಇಲ್ಲಿ ಇರೂದಿಲ್ಲ. ಅಷ್ಟೇ ವ್ಯತ್ಯಾಸ. ಆತಾ?”

ಆತು ಎನ್ನುವ ಮೊದಲೇ ಫೋನು ಕಟ್ಟಾಯಿತು.

ತ್ರ್ಯಂಬಕ ಭಟ್ಟರ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಈ ಪುಣ್ಯಾತ್ಮರು ಮೂವತ್ತು ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕಿ ಯಕ್ಷಗಾನದ ಆಟ ವಿಮರ್ಶೆ ಮಾಡಿದ್ದರು. ಒಬ್ಬರೇ ಒಬ್ಬರ ಮನಸ್ಸು ನೋಯಿಸಿರಲಿಲ್ಲ. ವೇಷಧಾರಿ ರಂಗಸ್ಥಳದಲ್ಲೇ ತೂಕಡಿಸಿದರೆ ‘ವಿಶ್ರಾಂತ ಮುದ್ರೆಯ ಅಭಿನಯ ಸಹಜವಾಗಿ ಮೂಡಿಬಂತು’ ಎಂದು ಬರೆದರು. ಭಾಗವತರ ಗಂಟಲು ಕಟ್ಟಿ ಅರ್ಧಕ್ಕೇ ಎದ್ದುಹೋದರೆ ‘ಮಿತವಾಗಿ ಹಾಡಿ ರಂಜಿಸಿದರು’ ಎಂದರು. ಹೀಗಾಗಿ ಹೊನ್ನಾವರದಿಂದ ಅಂಕೋಲೆಯವರೆಗೆ ಎಲ್ಲರಿಗೂ ಅವರು ಬೇಕಾದವರು. ಸನ್ಮಾನದ ಶಾಲುಗಳು ಎಷ್ಟು ಬಂದಿದ್ದವೆಂದರೆ ಹೆಂಡತಿ ಶ್ರೀಮತಿ ಅವುಗಳನ್ನು ಹಪ್ಪಳ ಒಣಗಿಸಲು ಹಾಸುತ್ತಿದ್ದಳು.

“ರಕ್ತ ನೋಡಿರೆ ನಿಂಗಕ್ಕೆ ತಲೆ ತಿರ್ಗ್ತು. ಎಂತಕ್ಕೆ ಒಪ್ಗಂಡ್ರಿ?” ಎಂದಳು ಶ್ರೀಮತಿ.

“ಆನು ಎಲ್ಲಿ ಒಪ್ಗಂಡಿದ್ದೆ? ಅಂವ ಫೋನ್ ಇಟ್ಟೇಬಿಟ್ಟ.”

ಸುದ್ದಿ ಬೇಲಿ ದಾಟುವುದಕ್ಕೆ ಎಷ್ಟು ಹೊತ್ತು? ಹತ್ತು ಗಂಟೆಗೆ ಪಕ್ಕದ ಮನೆಯ ಮೂಕಾಂಬಿಕಾ ಹಲಸಿನಹಣ್ಣಿನ ಕಡುಬಿನ ಡಬ್ಬ ಹಿಡಿದುಕೊಂಡು ಹಾಜರಾದಳು.

“ತ್ರ್ಯಂಬಕ ಭಾವಾ, ನಮ್ಮ ಅಕ್ಕನ ಮಗ ಅನೂಪನೂ ಇದ್ದ ಅದರಲ್ಲಿ. ಎರಡನೇ ಜೋಡಿ. ನಾಕು ಸಾಲು ಚೊಲೋ ಬರದ್ಬಿಡಿ. ಹೊನ್ನಾವರದಲ್ಲಿ ಒಂದು ಹುಡ್ಗಿ ನೋಡಿದ್ದು. ಅವರ ಮನೆಗೆ ನಿಮ್ಮ ಪೇಪರೇ ಬತ್ತಡ.”

“ಅದಕ್ಕೆಂತ? ಬರದ್ರಾತು,” ಎಂದರು ಭಟ್ಟರು. ಬಿಸಿ ಕಡುಬನ್ನು ಬಾಯಿಗೆ ಹಾಕಿಕೊಂಡ ಮೇಲೆ ಮನುಷ್ಯ ಬೇರೆ ಏನು ಹೇಳಲಿಕ್ಕೆ ಸಾಧ್ಯ?

ಎರಡೂವರೆಗೆ ಕಲ್ಯಾಣ ಮಂಟಪ ತಲುಪಿದರು. ಗೇಟಿನ ಹೊರಗೆ ಬಿಸಿಲಲ್ಲಿ ಒಬ್ಬ ಹೆಂಗಸು ಈರುಳ್ಳಿ ಜಡೆಗಳ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಕತ್ತಿನ ತುಂಬ ಕರಿಮಣಿ, ಮುಖದಲ್ಲಿ ಮಾತ್ರ ಕಳೆಯಿಲ್ಲ. ಭಟ್ಟರ ಕೈಯಲ್ಲಿದ್ದ ನೋಟ್‌ಬುಕ್ಕು ನೋಡಿದವಳೇ ಎದ್ದು ಅಡ್ಡ ಬಂದಳು.

“ಪೇಪರಿಗೆ ಬರ್ಯೂ ಭಟ್ರಲ್ರಾ ನೀವು? ನಾನು ಬಾಡದ ತಿಮ್ಮಿ. ನನ್ನ ಮಗ ದೇವು ಇವತ್ತು ಮೂರ್ನೇದಕ್ಕೆ ಆಡ್ತಾ.”

ಓಹೋ, ಇವಳದೂ ನಾಲ್ಕು ಸಾಲಿನ ಬೇಡಿಕೆ ಎಂದುಕೊಂಡ ಭಟ್ಟರು, “ಚಿಂತೆ ಮಾಡಬೇಡ ಮಾರಾಯ್ತಿ, ಒಳ್ಳೇದೇ ಬರೀತೆ,” ಎಂದರು.

“ಬ್ಯಾಡ್ರಾ!” ತಿಮ್ಮಿ ಅವರ ಕೈಯನ್ನೇ ಹಿಡಿದುಕೊಂಡಳು. “ಕೆಟ್ಟದಾಗಿ ಬರೀರಿ. ಇಂವಂಗೆ ಬರೂದಿಲ್ಲ, ಬಿಟ್ಟು ಹೋಗ್ಲಿ ಅಂತಾ ಬರೀರಿ. ನಿಮ್ಮ ಕಾಲಿಗೆ ಬೀಳ್ತೆ.”

ಭಟ್ಟರು ತಬ್ಬಿಬ್ಬಾದರು. ಮೂವತ್ತು ವರ್ಷದಲ್ಲಿ ಇಂಥ ಬೇಡಿಕೆ ಬಂದದ್ದೇ ಇಲ್ಲ.

ತಿಮ್ಮಿ ಹೇಳಿದ್ದಿಷ್ಟು. ಕಳೆದ ದೀಪಾವಳಿ ಹೊತ್ತಿಗೆ ದೇವು ಕಾರವಾರದಲ್ಲಿ ಹೊಡೆಸಿಕೊಂಡು ಬಂದವನು ಎರಡು ದಿನ ತಾಯಿಯ ಗುರುತು ಹಿಡಿಯಲಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರು, ತಲೆಯೊಳಗೆ ರಕ್ತ ಕಟ್ಟಿತ್ತು, ಇನ್ನು ಈ ಆಟಕ್ಕೆ ಇಳಿದರೆ ಮಾತು ಹೋಗಬಹುದು, ಜೀವವೂ ಹೋಗಬಹುದು ಎಂದರು. ದೇವು ಆ ಕಾಗದವನ್ನು ಯಾರಿಗೂ ತೋರಿಸದೆ ಮುಚ್ಚಿಟ್ಟ. ತಾಯಿ ಸಂಘಟಕರ ಹತ್ತಿರ ಹೋದರೆ, ಕಾಗದ ತಾರವ್ವ ಎಂದರು. ಎಲ್ಲಿಂದ ತಂದಾಳು?

“ಅತ್ತು ಕರ್ದೆ, ಅನ್ನ ಬಿಟ್ಟೆ, ಎಂತಕ್ಕೂ ಬಗ್ಗಲಿಲ್ಲ. ಕಡೀಗೆ ಒಂದೇ ಮಾತು ಹೇಳ್ದ. ‘ಅವ್ವ, ನಂಗೆ ಬರೂದಿಲ್ಲ ಅಂತಾ ಪೇಪರಲ್ಲಿ ಬರದ್ರೆ ಆ ದಿವ್ಸವೇ ಬಿಡ್ತೆ’ ಅಂದ. ನೀವು ಬರದ್ದಂದ್ರೆ ಅಂವಂಗೆ ದೇವ್ರ ಮಾತು. ಏಳ್ನೇ ಇಯತ್ತೆಲಿ ಶಾಲೆ ಆಟದಲ್ಲಿ ಕುಣಿದಾಗ ‘ಎದೆಗಾರ ಹುಡುಗ’ ಅಂತಾ ನೀವೇ ಬರದಿದ್ರಂತೆ. ಅವತ್ತಿಂದೇ ಶುರು ಆದ್ದು ಇದು.”

ಭಟ್ಟರಿಗೆ ಆ ಆಟವೂ ನೆನಪಾಗಲಿಲ್ಲ, ಹುಡುಗನೂ ನೆನಪಾಗಲಿಲ್ಲ. ಶಾಲೆಯ ಆಟಗಳಲ್ಲಿ ಹೆಸರು ಗೊತ್ತಿಲ್ಲದ ಎಲ್ಲ ಮಕ್ಕಳಿಗೂ ಅವರು ‘ಎದೆಗಾರ’ ಎಂದೇ ಬರೆಯುತ್ತಿದ್ದರು. ಅದನ್ನು ಈ ತಾಯಿಗೆ ಹೇಳುವುದು ಹೇಗೆ?

“ಬರೀತೆ ತಿಮ್ಮಿ,” ಎಂದರು. “ನೀ ಹೇಳ್ದ ಹಾಂಗೇ ಬರೀತೆ.”

ಒಳಗೆ ಹೋದರೆ ಹಿಂದಿನ ದಿನದ ಮದುವೆಯ ಮಂಟಪ ಬಿಚ್ಚಿರಲೇ ಇಲ್ಲ. ತಂತಿಬಲೆಯ ಪಂಜರದ ಹಿಂದೆ ಥರ್ಮೋಕೋಲಿನ ನವಿಲುಗಳು, ಮೇಲೆ ದೊಡ್ಡ ಅಕ್ಷರದಲ್ಲಿ ‘ಅರ್ಚಿತಾ ಪ್ರಸನ್ನ ಶುಭವಿವಾಹ’. ಸಂಘಟಕ ದಿವಾಕರ, ಹೊನ್ನಾವರದಲ್ಲಿ ಜಿಮ್ ಇಟ್ಟುಕೊಂಡವನು, ಮೈಕು ಹಿಡಿದು ತಾನೇ ವೀಕ್ಷಕ ವಿವರಣೆಗೆ ನಿಂತಿದ್ದ. ಭಟ್ಟರನ್ನು ಕಂಡವನೇ ಓಡಿಬಂದು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದ.

“ಐದು ಜೋಡಿ ಇತ್ತು ಭಟ್ರೆ. ಎರಡು ಜೋಡಿಯವ್ರಿಗೆ ಮನೆಯಲ್ಲಿ ಮದುವೆ ಅಂತೆ. ಮೂರು ಉಳೀತು. ಆದ್ರೆ ಮೂರೂ ಭರ್ಜರಿ! ನೀವು ಬರದ್ರೆ ಮುಂದಿನ ವರ್ಷ ಮುರ್ಡೇಶ್ವರದಲ್ಲೇ ಮಾಡ್ತೆ. ಬರೂ ವಾರ ನಮ್ಮ ಸಂಘದಿಂದ ನಿಮಗೊಂದು ಸನ್ಮಾನವೂ ಅದೆ ಮತ್ತೆ!”

ಮೊದಲ ಜೋಡಿ ಹಳದೀಪುರದ ಒಬ್ಬ ತೆಂಗಿನಕಾಯಿ ಕೊಯ್ಯುವವನು, ಹೊನ್ನಾವರದ ಒಬ್ಬ ಪಿಗ್ಮಿ ಕಲೆಕ್ಟರು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರಂತೆ. ಒಬ್ಬ ಗುದ್ದುವುದು, “ತಾಗ್ತನಾ?” ಎಂದು ಕೇಳುವುದು; ಇನ್ನೊಬ್ಬ “ಅಡ್ಡಿಲ್ಲ, ನೀ ಹೊಡಿ” ಎನ್ನುವುದು. ಮೂರು ಸುತ್ತು ಹೀಗೇ ನಡೆದು ಪಂದ್ಯ ಸಮವಾಯಿತು. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಚಾ ಕುಡಿಯಲು ಹೋದರು.

ಎರಡನೆಯದು ಅನೂಪನದು. ಎಣ್ಣೆ ಹಚ್ಚಿದ ಮೈ, ನೋಡಿದರೆ ಎದೆ ಝಲ್ಲೆನ್ನಬೇಕು. ಗಂಟೆ ಹೊಡೆದದ್ದೇ ತಡ, ಎದುರಾಳಿ ಒಂದು ಹೆಜ್ಜೆ ಮುಂದಿಟ್ಟ, ಅನೂಪ ತಿರುಗಿ ಓಡಿದ. ಪಂಜರದ ಸುತ್ತ ಏಳು ಸುತ್ತು ಓಡಿದ. ಮೇಲೆ ಶುಭವಿವಾಹದ ಬೋರ್ಡು ಬೇರೆ. ಹಿಂದಿನಿಂದ ಯಾರೋ ಅಕ್ಷತೆ ತನ್ನಿ ಎಂದು ಕೂಗಿದರು. ಎಂಟನೆಯ ಸುತ್ತಿಗೆ ಎದುರಾಳಿ ಹೇಗೋ ತಬ್ಬಿಕೊಂಡ. ಪಟ್ಟು ಹಾಕುವುದಕ್ಕೂ ಮೊದಲೇ ಅನೂಪ ನೆಲ ಬಡಿದು ಸೋಲೊಪ್ಪಿಕೊಂಡ. ಬಾಗಿಲ ಬಳಿ ನಿಂತಿದ್ದ ಮೂಕಾಂಬಿಕಾ ಭಟ್ಟರಿಗೆ ಕಣ್ಣಿನಲ್ಲೇ ಏನೋ ಸನ್ನೆ ಮಾಡಿದಳು. ಅವರು ಎಂದಿನಂತೆ ‘ಚುರುಕಾದ ಕಾಲ್ಚಳಕ’ ಎಂದು ಬರೆದು, ಯಾಕೋ ಕೈ ತಡೆದು ಹೊಡೆದುಹಾಕಿದರು.

ಆಮೇಲೆ ದೇವು ಬಂದ. ಗಿಡ್ಡ ಹುಡುಗ, ಬಿಸಿಲಿಗೆ ಸುಟ್ಟ ಬೆನ್ನು. ಎದುರಿಗೆ ಭಟ್ಕಳದ ಝೈದ್, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವನು, ದೇವುಗಿಂತ ಒಂದು ಮೊಳ ಎತ್ತರ. ಝೈದನಿಗೆ ವಿದ್ಯೆ ಬರುತ್ತಿತ್ತು. ಅದು ಭಟ್ಟರಂಥವರಿಗೂ ತಿಳಿಯುವಷ್ಟು ಸ್ಪಷ್ಟವಾಗಿತ್ತು. ಮೊದಲ ನಿಮಿಷದಲ್ಲೇ ದೇವು ಬಿದ್ದ. ಎದ್ದ. ಮತ್ತೆ ಬಿದ್ದ. ಎರಡನೇ ಸುತ್ತಿನಲ್ಲಿ ಒಂದು ಕಣ್ಣು ಮುಚ್ಚಿಕೊಂಡಿತು. ಹುಡುಗ ಆ ಕಣ್ಣನ್ನು ಒರೆಸಿಕೊಂಡು ಮುಂದೆ ಬಂದ. ಜನ ಕೂಗುವುದನ್ನು ನಿಲ್ಲಿಸಿದರು. ಮೈಕಿನಲ್ಲಿ ದಿವಾಕರನೂ ಸುಮ್ಮನಾದ.

“ಉಸ್ತಾದ್, ಇನ್ನೆಷ್ಟು ಹೊಡೀಲಿ ಇವನಿಗೆ? ಏಳ್ತಾನೇ ಇದಾನೆ!” ಎಂದು ಝೈದ್ ತನ್ನ ಗುರುವಿನ ಕಡೆ ತಿರುಗಿ ಕೇಳಿದ್ದು ಮುಂದಿನ ಸಾಲಿಗೆಲ್ಲ ಕೇಳಿಸಿತು. ಅವನ ದನಿಯಲ್ಲಿ ಅಳು ಇತ್ತು.

ಕೊನೆಯ ಗಂಟೆ ಹೊಡೆದಾಗ ದೇವು ನಿಂತೇ ಇದ್ದ. ಎರಡೂ ಕಣ್ಣು ಊದಿ ಮುಚ್ಚಿದ್ದವು. ಸೋತವನು ಗೆದ್ದವನ ಕೈ ಕುಲುಕುವುದು ಅಲ್ಲಿನ ಪದ್ಧತಿ. ದೇವು ಕೈ ಚಾಚಿದ, ಆದರೆ ಝೈದ್ ಇಲ್ಲದ ದಿಕ್ಕಿಗೆ. ಖಾಲಿ ಗಾಳಿಯಲ್ಲಿ ಕೈ ಹಿಡಿದುಕೊಂಡು ನಗುತ್ತ ನಿಂತೇ ಇದ್ದ. ಝೈದ್ ಸುತ್ತಿ ಬಂದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ತ್ರ್ಯಂಬಕ ಭಟ್ಟರು ಅತ್ತುಬಿಟ್ಟರು. ಸಾವಿರ ಆಟ ನೋಡಿದ್ದರು. ವೀರರಸ, ವೀರರಸ ಎಂದು ಸಾವಿರ ಸಲ ಬರೆದಿದ್ದರು. ಕಣ್ಣಾರೆ ಕಂಡದ್ದು ಇದೇ ಮೊದಲು. ನೋಟ್‌ಬುಕ್ಕಿನಲ್ಲಿ ಪೆನ್ನು ತಾನಾಗಿಯೇ ಓಡಿತು. ಒಂದು ಪುಟ, ಎರಡು ಪುಟ. ಬರೆದು ಮುಗಿಸಿ ಓದಿಕೊಂಡಾಗ ಅವರಿಗೇ ಗೊತ್ತಾಯಿತು, ಜೀವಮಾನದಲ್ಲಿ ತಾವು ಬರೆದ ಮೊದಲ ನಿಜವಾದ ವಿಮರ್ಶೆ ಇದು ಎಂದು. ಅದರಲ್ಲಿದ್ದ ಹೊಗಳಿಕೆಯ ಒಂದೊಂದು ಅಕ್ಷರವೂ ಸತ್ಯವಾಗಿತ್ತು.

ಹೊರಗೆ ಬಂದರು. ತಿಮ್ಮಿ ಗೆದ್ದನಾ ಸೋತನಾ ಎಂದು ಕೇಳಲಿಲ್ಲ.

“ಮಾತಾಡ್ತನ್ರಾ?” ಎಂದಳು.

“ಮಾತಾಡ್ತಾ. ಡಾಕ್ಟರು ನೋಡ್ತಿದ್ರು. ಹೋಗು ಒಳಗೆ.”

ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು.

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತು ಭಟ್ಟರು ಆ ಎರಡು ಪುಟ ಹರಿದು ಮಡಚಿ, ಚಾದ ಲೋಟದ ಕೆಳಗಿಟ್ಟರು. ಹೊಸ ಹಾಳೆ ತೆರೆದರು. ಈಗ ಕೆಟ್ಟದ್ದು ಬರೆಯಬೇಕು. ಆದರೆ ಅಭ್ಯಾಸ ಎನ್ನುವುದು ಎಂಥ ಪಿಶಾಚಿ ನೋಡಿ, ‘ದೇವು ಗೌಡ’ ಎಂದು ಬರೆದದ್ದೇ ಪೆನ್ನು ‘ಪಾತ್ರಕ್ಕೆ ಜೀವ ತುಂಬಿದರು’ ಎಂದು ಮುಂದುವರಿಯಿತು. ಹೊಡೆದುಹಾಕಿದರು. ಕೊನೆಗೆ ಹೆಂಡತಿಗೆ ಫೋನು ಮಾಡಿದರು.

“ಶ್ರೀಮತೀ, ಒಬ್ಬಂವ ಕೆಲಸಕ್ಕೆ ಬಾರದಂವ ಹೇಳಿ ಬರೆಯಕಾಯ್ದು. ಹೇಂಗೆ ಬರೆಯದು?”

“ನಿಂಗಕ್ಕೆ ಆನು ದಿನಾ ಹೇಳ್ತ್ನಲಾ, ಅದ್ನೇ ಬರದ್ಬಿಡಿ.”

ಅದು ಕೆಲಸ ಮಾಡಿತು. ದೇವು ಒಬ್ಬನಿಗೇ ಬೈದರೆ ಹುಡುಗ ಇದರಲ್ಲೇನೋ ಇದೆ ಎಂದುಕೊಂಡಾನು ಎಂದು ಎಲ್ಲರಿಗೂ ಬರೆದರು. ಮೊದಲ ಜೋಡಿಗೆ ‘ಕುಶಲೋಪರಿ’ ಎಂದರು. ಅನೂಪನ ಏಳು ಸುತ್ತನ್ನು ಬಿಡದೆ ವರ್ಣಿಸಿದರು. ಸಂಘಟಕರಿಗೆ ಪಂಜರ ಕಟ್ಟಲು ಬರುತ್ತದೆಯೇ ಹೊರತು ಪಂದ್ಯ ನಿಲ್ಲಿಸಲು ಬರುವುದಿಲ್ಲ ಎಂದರು. ಕೊನೆಗೆ ಬರೆದೇಬಿಟ್ಟರು: ‘ದೇವು ಗೌಡನಿಗೆ ಈ ವಿದ್ಯೆ ಬರುವುದಿಲ್ಲ, ಮುಂದೆ ಬರುವ ಲಕ್ಷಣವೂ ಇಲ್ಲ. ಹೊಡೆಯಲು ತಿಳಿಯದ, ತಪ್ಪಿಸಿಕೊಳ್ಳಲು ತಿಳಿಯದ ಈತ ಇಂದೇ ಪಂಜರ ಬಿಟ್ಟು ಹೊರಬರುವುದು ಎಲ್ಲರಿಗೂ ಕ್ಷೇಮ.’

ಹಾಳೆಯ ಫೋಟೋ ತೆಗೆದು ಫೋನಿನಲ್ಲಿ ಕಳಿಸಿದ ಐದು ನಿಮಿಷಕ್ಕೆ ಸುದರ್ಶನ ಫೋನು ಮಾಡಿದ. “ಭಟ್ರೆ, ಆರಾಮ ಇದ್ರಾ? ಬೇರೆ ಯಾರಾದ್ರೂ ನಿಮ್ಮ ಫೋನಿಂದ ಕಳ್ಸಿದ್ರಾ ಎಂತ?”

“ಒಂದಕ್ಷರ ತೆಗೀಬೇಡ. ತೆಗದ್ರೆ ನಾನು ಬರ್ಯೂದೇ ಬಿಡ್ತೆ,” ಎಂದರು ಭಟ್ಟರು. ಅವರ ದನಿ ಕೇಳಿ ಸುದರ್ಶನ ಹೆದರಿ ಹಾಗೆಯೇ ಅಚ್ಚಿಗೆ ಬಿಟ್ಟ.

ಸೋಮವಾರ ಬೆಳಗಾಯಿತು ನೋಡಿ, ಶುರುವಾಯಿತು. ಮೊದಲು ದಿವಾಕರ. “ಎಂತ ಭಟ್ರೆ ಇದು? ಸೋಫಾದಲ್ಲಿ ಕೂರ್ಸಿದ್ದಕ್ಕೆ ಇದಾ ಮರ್ಯಾದೆ? ಆ ಸನ್ಮಾನ ಕ್ಯಾನ್ಸಲ್!” ಆಮೇಲೆ ಹೊನ್ನಾವರದ ಪಿಗ್ಮಿ ಕಲೆಕ್ಟರ ತಂದೆ. ಆಮೇಲೆ, ಏನೂ ಸಂಬಂಧವಿಲ್ಲದ ಒಬ್ಬ ಭಾಗವತರು: “ಇಷ್ಟು ಖಾರ ಬರ್ಯೂಕೆ ಬರ್ತದೆ ಅಂದ್ಮೇಲೆ, ಇಷ್ಟು ವರ್ಷ ನಂಗೆ ಬರದದ್ದೆಲ್ಲ ಸುಳ್ಳನಾ?” ಮೂಕಾಂಬಿಕಾ ಫೋನು ಮಾಡಲಿಲ್ಲ, ಖುದ್ದು ಬಂದಳು. ಅಂಗಳದಲ್ಲೇ ನಿಂತು, “ಶ್ರೀಮತಕ್ಕಾ, ನಮ್ಮ ಡಬ್ಬ ಕೊಟ್ಬಿಡು. ಹುಡ್ಗಿ ಕಡೆಯವ್ವು ಬೆಳಿಗ್ಗೆನೇ ಒಲ್ಲೆ ಅಂದ್ವಡ,” ಎಂದು ಡಬ್ಬ ಹಿಡಿದುಕೊಂಡು ಹೋದಳು. ಕಡೆಗೆ ಸುದರ್ಶನ: “ಭಟ್ರೆ, ಬೇಜಾರ ಮಾಡ್ಕಬೇಡಿ. ಇನ್ಮೇಲೆ ನಿಧನ ವಾರ್ತೆ ಅಷ್ಟೇ ಬರೀರಿ. ಅಲ್ಲಿ ಯಾರೂ ಫೋನ್ ಮಾಡೂದಿಲ್ಲ.”

ಮೂವತ್ತು ವರ್ಷದಲ್ಲಿ ಗಳಿಸಿದ್ದು ಮೂರು ತಾಸಿನಲ್ಲಿ ನೀರಾಯಿತು. ಭಟ್ಟರಿಗೆ ಸಂಕಟವಾಯಿತು, ಆಗಲಿಲ್ಲ ಎಂದರೆ ಸುಳ್ಳು. ಆದರೆ ಒಳಗೆಲ್ಲೋ ಒಂದು ಸಮಾಧಾನವೂ ಇತ್ತು. ಹೋದರೆ ಹೋಗಲಿ, ಒಬ್ಬ ಹುಡುಗನ ತಲೆ ಉಳಿಯಿತಲ್ಲ. ಅವನು ಬಿಡುತ್ತೇನೆಂದದ್ದನ್ನು ಕಿವಿಯಾರೆ ಕೇಳಿ ಬರೋಣ ಎಂದು ಹತ್ತು ಗಂಟೆಯ ಬಸ್ಸು ಹಿಡಿದು ಬಾಡಕ್ಕೆ ಹೋದರು.

ತಿಮ್ಮಿ ಬಾಗಿಲಲ್ಲೇ ಇದ್ದಳು. ಅವರನ್ನು ಕಂಡು ಮುಖ ಬಿಳಿಚಿಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಕೂಗು ಬಂತು.

“ಯಾರ ಅವ್ವ? ಭಟ್ರಾ? ಒಳಗೆ ಕರಿ, ಒಳಗೆ ಕರಿ!”

ದೇವು ಚಾಪೆಯ ಮೇಲೆ ಎದ್ದು ಕೂತಿದ್ದ. ಎರಡೂ ಕಣ್ಣಿನ ಮೇಲೆ ಔಷಧದ ಪಟ್ಟಿ. ನಾಲ್ಕು ದಿನ ಬಿಚ್ಚುವ ಹಾಗಿಲ್ಲ ಎಂದಿದ್ದರಂತೆ ಡಾಕ್ಟರು. ಊದಿದ ತುಟಿಯಲ್ಲಿ ಕಿವಿಯವರೆಗೆ ನಗು. ಕೈ ಚಾಚಿ ತಡವುತ್ತ ಭಟ್ಟರ ಕಾಲು ಹುಡುಕಿ ಮುಟ್ಟಿದ.

“ಭಟ್ರೆ, ನೀವು ಇಷ್ಟು ಚೊಲೋ ಬರೀತ್ರಿ ಅಂತಾ ನಾ ಅಂದ್ಕಂಡೇ ಇರ್ಲಿಲ್ಲ! ‘ಹುಲಿ ಹಾಂಗೆ ಕಾದಾಡ್ದ’ ಅಂತಾ! ಅವ್ವ ಬೆಳಿಗ್ಗಿಂದ ಐದು ಸಲ ಓದಿ ಹೇಳ್ಯಾಳೆ.”

ಭಟ್ಟರು ತಿಮ್ಮಿಯ ಕಡೆ ನೋಡಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಹತ್ತಿರ ಬಂದು, ಅವರಿಗಷ್ಟೇ ಕೇಳುವಂತೆ ಅಂದಳು: “ಓದೂಕೆ ಕೂತಿದ್ದೆ ಭಟ್ರೆ, ನಿಮ್ಮಾಣೆ. ಮುಖ ಎತ್ತಿ, ‘ಎಂತಾ ಬರದಾರೆ ಅವ್ವ’ ಅಂದ. ಆ ಮುಖ ನೋಡಿ ನನ್ನ ಬಾಯಲ್ಲಿ ಬರಲೇ ಇಲ್ಲ. ನೀವು ಓದಿ. ನೀವು ಗಂಡಸ್ರು, ನಿಮಗೆ ಆಗ್ತದೆ.”

“ಅವ್ವ ಎಂತಾ ಪಿಸಪಿಸ? ಭಟ್ರೆ, ನೀವೇ ಒಂದ್ಸಲ ಓದಿ. ಅವ್ವ ಕಲ್ತದ್ದು ನಾಕ್ನೇ ಇಯತ್ತೆ. ಒಂದೊಂದು ಸಲ ಒಂದೊಂದು ನಮೂನೆ ಓದ್ತಾಳೆ.” ದೇವು ಚಾಪೆಯ ಮೇಲಿದ್ದ ಪತ್ರಿಕೆಯನ್ನು ತಡವಿ ತೆಗೆದು ಮುಂದೆ ಹಿಡಿದ. “ದಿವಾಕರಣ್ಣ ಫೋನ್ ಮಾಡಿದ್ದ. ಬರೂ ತಿಂಗಳು ಹುಬ್ಬಳ್ಳಿಲಿ ದೊಡ್ಡ ಫೈಟು. ಮಧ್ಯಾಹ್ನದೊಳಗೆ ಹೆಸರು ಕೊಡ್ಬೇಕಂತೆ. ಪೇಪರಲ್ಲಿ ಎಂತೋ ಬರದಾರೆ, ತಲೆಗೆ ಹಚ್ಕಬೇಡ ಅಂದ. ಅಂವಂಗೆ ಹೊಟ್ಟೆಕಿಚ್ಚು. ನೀವು ಓದಿ, ನಂಗೆ ನಿಮ್ಮ ಬಾಯಿಂದ ಕೇಳ್ಬೇಕು.”

ಭಟ್ಟರು ಪತ್ರಿಕೆ ಬಿಡಿಸಿದರು. ಅಚ್ಚಿನಲ್ಲಿ ಎಲ್ಲವೂ ಇತ್ತು, ಒಂದಕ್ಷರ ಬಿಟ್ಟಿರಲಿಲ್ಲ. ಓದಬೇಕಾದದ್ದು ಎರಡೇ ಸಾಲು. ಓದಿದರೆ ಹುಡುಗ ಬದುಕುತ್ತಾನೆ. ಗಂಟಲು ಸರಿಮಾಡಿಕೊಂಡರು.

“ದೇವು ಗೌಡನಿಗೆ…” ಎಂದರು.

ಕಣ್ಣಿಗೆ ಪಟ್ಟಿ ಕಟ್ಟಿದ ಆ ಮುಖ ಅವರ ದನಿಯ ಕಡೆ ತಿರುಗಿತು. ನಗುತ್ತಿತ್ತು. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಗುವಿನ ಮುಖದ ಹಾಗಿತ್ತು.

“ದೇವು ಗೌಡನಿಗೆ,” ಎಂದು ಮತ್ತೆ ಶುರುಮಾಡಿದ ತ್ರ್ಯಂಬಕ ಭಟ್ಟರು, ಅಚ್ಚಿನಲ್ಲಿಲ್ಲದ್ದನ್ನು ಓದತೊಡಗಿದರು, “ಸೋಲುವುದು ಗೊತ್ತಿಲ್ಲ. ನಾಲ್ಕು ಸಲ ಬಿದ್ದ, ನಾಲ್ಕು ಸಲವೂ ಎದ್ದ. ಹೊಡೆದವನು ದಣಿದ, ಹೊಡೆಸಿಕೊಂಡವನು ದಣಿಯಲಿಲ್ಲ. ಕಣ್ಣು ಕಾಣದಿದ್ದರೂ ಗೆದ್ದವನ ಕೈ ಕುಲುಕಲು ಮೊದಲು ಕೈ ಚಾಚಿದವನು ಇವನೇ. ಮೂವತ್ತು ವರ್ಷದಲ್ಲಿ ಈ ಲೇಖಕ ಅನೇಕ ವೀರರನ್ನು ಬಣ್ಣದಲ್ಲಿ ನೋಡಿದ್ದಾನೆ. ಬಣ್ಣವಿಲ್ಲದೆ ನೋಡಿದ್ದು ನಿನ್ನೆ, ಒಬ್ಬನನ್ನು…”

ಎಲ್ಲೂ ತಡವರಿಸಲಿಲ್ಲ. ಹಿಂದಿನ ದಿನ ಬರೆದು ಹರಿದ ಎರಡು ಪುಟವೂ ಬಾಯಿಪಾಠವಾಗಿದ್ದವು. ತಿಮ್ಮಿ ಗೋಡೆಗೆ ಒರಗಿ ಕುಸಿದು ಕೂತಳು. ಮಗನ ಬಗ್ಗೆ ಇಂಥ ಮಾತು ಅವಳೂ ಕೇಳಿರಲಿಲ್ಲ; ಕಣ್ಣೀರು ಸುರಿಸುತ್ತ, ಬೇಡ ಎಂದು ತಲೆಯಾಡಿಸುತ್ತ, ಆದರೂ ನಿಲ್ಲಿಸಿ ಎನ್ನದೆ ಕೇಳುತ್ತಿದ್ದಳು.

ಓದು ಮುಗಿದ ಮೇಲೆ ದೇವು ಕೈ ಚಾಚಿ ಪತ್ರಿಕೆಯನ್ನು ಮುಟ್ಟಿ ನೋಡಿದ. ಪಟ್ಟಿಯ ಕೆಳಗಿನಿಂದ ನೀರಿಳಿಯಿತು. ಆಮೇಲೆ ಮೂಗು ಒರೆಸಿಕೊಂಡು, “ಅವ್ವ,” ಎಂದ, “ದಿವಾಕರಣ್ಣಂಗೆ ಫೋನ್ ಹಚ್ಚು. ಹುಬ್ಬಳ್ಳಿಗೆ ಬರ್ತೆ ಅಂತಾ ಹೇಳ್ತೆ.”

ತಿಮ್ಮಿ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಭಟ್ಟರ ಮುಖ ನೋಡಿದಳು. ಭಟ್ಟರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಇನ್ನೂ ಓದುವುದು ಉಳಿದಿದೆಯೇನೋ ಎಂಬ ಹಾಗೆ ಅದನ್ನೇ ನೋಡುತ್ತ ಕೂತಿದ್ದರು.